ಮನಶ್ಶಾಸ್ತ್ರ ಓದುವವರಿಗೆ ಮರೆವಿನ ಪಾಠ

ನಮ್ಮ ವಾಚನಾಲಯಕ್ಕೆ ಬರುವ ಗೆಳೆಯರಲ್ಲಿ ಹತ್ತನೆಯ ತರಗತಿ ಮುಗಿಸಿ ಕೆಲಸಕ್ಕೆ ಸೇರಿದವರೇ ಬಹಳ. ಇವರಲ್ಲಿ ಕೆಲವರು ಈಗ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ತರಗತಿ, ಅಂದರೆ ನಮ್ಮ ಕಡೆಯ ಪಿ.ಯು. ಮಟ್ಟದ ಪರೀಕ್ಷೆಗೆ ಕೂಡಬೇಕೆಂದಿದ್ದಾರೆ. ಅಲ್ಲಿ ಮನಶ್ಶಾಸ್ತ್ರವೂ ಒಂದು ವಿಷಯ. ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ; ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷಗಳೊಳಗೆ ಒಂದೊಂದಾಗಿ ವಿಷಯಗಳನ್ನು ಮುಗಿಸಬಹುದು. ದುಡಿಯುವವರಿಗೆ ಇದು ಅನುಕೂಲವೇ.

ಆದರೆ ಮನಶ್ಶಾಸ್ತ್ರವೆಂದರೆ ಕಥೆಯಂತೆ ಓದಿ ಮುಗಿಸುವ ವಿಷಯವೆಂದು ತಿಳಿದು ಇದನ್ನು ಆರಿಸಬೇಡಿರಿ. ಎದುರಿಗಿದ್ದವನ ಮನಸ್ಸಿನ ಗುಟ್ಟು ಹೇಳುವ ವಿದ್ಯೆಯೂ ಇದಲ್ಲ. ಇದು ಪ್ರಯೋಗದ ಶಾಸ್ತ್ರ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಎಂಬ ಪಂಡಿತರು ಇದಕ್ಕೆಂದೇ ಪ್ರಯೋಗಶಾಲೆ ತೆರೆದರು. ನಮ್ಮ ನಾಡೂ ಹಿಂದುಳಿಯಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಈ ವಿಭಾಗ ಹುಟ್ಟಿತು. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನ ರೇಡಿಯೋ ಕೇಂದ್ರ ನಡೆಸಿದ ಮಹನೀಯರೂ ಇವರೇ.

ಪಠ್ಯದಲ್ಲಿ ಹತ್ತಾರು ಅಧ್ಯಾಯಗಳಿದ್ದರೂ ಮೊದಲು ಸ್ಮೃತಿ ಮತ್ತು ವಿಸ್ಮೃತಿಯ ಅಧ್ಯಾಯವನ್ನು ಓದಿರಿ ಎಂಬುದು ನನ್ನ ಸಲಹೆ. ಉಳಿದ ಅಧ್ಯಾಯಗಳನ್ನು ಹೇಗೆ ಓದಬೇಕೆಂಬುದೂ ಅದರಲ್ಲಿಯೇ ಇದೆ. ಅಲ್ಲದೆ, ‘ವಯಸ್ಸಾಯಿತು, ತಲೆಯಲ್ಲಿ ನಿಲ್ಲುವುದಿಲ್ಲ’ ಎಂದು ಪುಸ್ತಕ ಮುಚ್ಚಿಟ್ಟವರನ್ನು ಈ ಮೇಜಿನ ಬಳಿ ನಾನು ಹಲವು ಸಲ ಕಂಡಿದ್ದೇನೆ. ಅವರ ಅಳಲಿಗೂ ಉತ್ತರ ಅಲ್ಲಿದೆ.

ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪುಸ್ತಕ ಪ್ರಕಟಿಸಿದರು. ಅರ್ಥವಿರುವ ಮಾತಾದರೆ ಹಳೆಯ ತಿಳಿವಳಿಕೆ ನೆರವಿಗೆ ಬಂದುಬಿಡುತ್ತದೆಂದು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಳಸಿದರು. ಕನ್ನಡದಲ್ಲಿ ಬೇಕಾದರೆ ‘ಗಿಪು, ಟೊಭ, ಝೆಮು, ಥಿಡ’ ಎಂಬಂತೆ ಮಾಡಿಕೊಳ್ಳಬಹುದು. ಪಟ್ಟಿಯನ್ನು ತಪ್ಪಿಲ್ಲದೆ ಹೇಳುವವರೆಗೆ ಕಲಿಯುವುದು. ಕೆಲ ಹೊತ್ತು ಬಿಟ್ಟು ಮತ್ತೆ ಕಲಿಯುವುದು. ಎರಡನೆಯ ಸಲ ಎಷ್ಟು ಸಮಯ ಉಳಿಯಿತೆಂದು ಲೆಕ್ಕ ಹಾಕುವುದು. ಇಪ್ಪತ್ತು ನಿಮಿಷದ ನಂತರ ಉಳಿತಾಯ ಶೇಕಡಾ 58, ಒಂದು ತಾಸಿಗೆ 44, ಒಂದು ದಿನಕ್ಕೆ ಸುಮಾರು 34, ತಿಂಗಳಿಗೆ 21. ಈ ಅಂಕಿಗಳನ್ನು ಗೆರೆ ಎಳೆದು ನೋಡಿರಿ. ಮೊದಲ ತಾಸಿನಲ್ಲಿಯೇ ದೊಡ್ಡ ಇಳಿತ, ಆಮೇಲೆ ನಿಧಾನ. ಅಷ್ಟು ದೊಡ್ಡ ವಿದ್ವಾಂಸರಿಗೇ ಒಂದು ದಿನದಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತೆಂದ ಮೇಲೆ, ನಿನ್ನೆ ಓದಿದ್ದು ಇಂದು ಮರೆತಿತೆಂದು ಲೆಡ್ಜರ್ ಬರೆಯುವ ನಮ್ಮಂಥವರು ತಲೆಯನ್ನು ಹಳಿಯಬೇಕೆ? ಅರ್ಥ ತಿಳಿದು ಓದಿದ ಮಾತು ಇದಕ್ಕಿಂತ ಹೆಚ್ಚು ನಿಲ್ಲುತ್ತದೆಂಬುದನ್ನೂ ಗಮನಿಸಿರಿ.

ಹಾಗಾದರೆ ಉಪಾಯವೇನು? ಮತ್ತೆ ಮತ್ತೆ ಓದುವುದೆ? ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ಇದನ್ನು ಪರೀಕ್ಷಿಸಿದರು. ಕೆಲವು ಪಾಠಗಳನ್ನು ವಿದ್ಯಾರ್ಥಿಗಳು ಎರಡು ಸಲ ಓದಿದರು; ಬೇರೆ ಕೆಲವನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ಶೇಕಡಾ 81, ಬರೆದದ್ದು 75. ಒಂದು ವಾರದ ನಂತರವೋ ಲೆಕ್ಕ ತಿರುವುಮುರುವು! ಓದಿದ್ದರಲ್ಲಿ 42, ಬರೆದದ್ದರಲ್ಲಿ 56. ಮರು ಓದು ಆ ಹೊತ್ತಿಗೆ ಬಂದಂತೆ ತೋರುತ್ತದೆ, ಮೋಸವಿರುವುದೇ ಅಲ್ಲಿ. ನಮ್ಮ ಹಿರಿಯರು ಸಂಜೆ ದೀಪ ಹಚ್ಚಿದೊಡನೆ ಮಕ್ಕಳಿಂದ ಬಾಯಿಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರಲ್ಲ, ಅದೂ ಇದೇ ಕ್ರಮ. ಅರ್ಥವಿಲ್ಲದ ಗಿಳಿಪಾಠವನ್ನು ನಾನು ಹೊಗಳುತ್ತಿಲ್ಲ. ಪುಸ್ತಕವಿಲ್ಲದೆ ಒಪ್ಪಿಸುವ ಅಭ್ಯಾಸವನ್ನು ಹೇಳುತ್ತಿದ್ದೇನೆ.

ಇನ್ನು ಭಾಷೆಯ ತೊಡಕು. ಹೈದರಾಬಾದಿನಲ್ಲಿ ಕನ್ನಡಿಗರಿಗೆ ಇದು ಹೊಸದಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾದಾಗ ಕಲಬುರ್ಗಿ, ರಾಯಚೂರು ಕಡೆಯ ಹುಡುಗರು ಶಾಸ್ತ್ರಗಳನ್ನೆಲ್ಲ ಉರ್ದುವಿನಲ್ಲಿಯೇ ಕಲಿಯಬೇಕಾಯಿತು. ಇಂದು ಇಂಗ್ಲಿಷ್ ಪುಸ್ತಕ ಓದುವವರು ಪ್ರತಿ ಪಾರಿಭಾಷಿಕ ಪದದ ಎದುರಿಗೆ ಕನ್ನಡ ಪದವನ್ನೂ ಒಂದು ಸ್ವಂತ ಉದಾಹರಣೆಯನ್ನೂ ಬರೆದಿಟ್ಟುಕೊಳ್ಳಲಿ. ಕಿವಿಗೆ ಸದ್ದು ಬಿದ್ದದ್ದು ಸಂವೇದನೆ. ಅದು ಗಿರಣಿಯ ಭೋಂಗಾ ಎಂದು ತಿಳಿದದ್ದು ಪ್ರತ್ಯಕ್ಷಾನುಭವ. ಊಟದ ವೇಳೆಯ ಭೋಂಗಾ ರಜೆಯ ದಿನ ಕೇಳಿದರೂ ಬಾಯಲ್ಲಿ ನೀರೂರಿತೆ? ಅದು ರಷ್ಯದ ಪಾವ್ಲೊವ್ ನಾಯಿಗಳಲ್ಲಿ ಕಂಡ ಅನುಬಂಧನ. ಇಂಥ ವಿಷಯ ಕನ್ನಡದಲ್ಲಿ ಹೇಳಲಾಗದೆಂಬವರಿಗೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ವನ್ನು ತೋರಿಸಬಹುದು, 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ರಾತ್ರಿಪಾಳಿಯವರಿಗೆ ಬೇರೆ ಒಂದು ಮಾತು. ಮೈಸೂರಿನ ವಿಭಾಗ ಹುಟ್ಟಿದ ಅದೇ 1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಂದ ಹತ್ತು ಹತ್ತು ಅಕ್ಷರಗುಂಪುಗಳನ್ನು ಕಲಿಸಿ ನೋಡಿದರು. ಕಲಿತು ಎಂಟು ತಾಸು ನಿದ್ರಿಸಿದಾಗ ಐದಾರು ನೆನಪಿದ್ದವು. ಎಂಟು ತಾಸು ಎಚ್ಚರವಾಗಿದ್ದು ಕೆಲಸಮಾಡಿದಾಗ ಸುಮಾರು ಒಂದು. ಇಬ್ಬರನ್ನು ಮಾತ್ರ ನೋಡಿದ ಸಣ್ಣ ಪ್ರಯೋಗವಿದು, ನಿಜ. ನಿದ್ರೆ ನೆನಪಿಗೆ ನೆರವೆಂಬುದನ್ನು ಮುಂದಿನ ಅನೇಕ ಪ್ರಯೋಗಗಳೂ ತೋರಿಸಿವೆ. ಆದಕಾರಣ ಪಾಳಿಗೆ ಹೊರಡುವ ಮುನ್ನ ಅವಸರದಲ್ಲಿ ಓದುವುದಕ್ಕಿಂತ, ಬೆಳಿಗ್ಗೆ ಬಂದು ಮುಖ ತೊಳೆದು ಚಹಾ ಬಿಟ್ಟು ಬೇರೇನಾದರೂ ಕುಡಿದು, ಎರಡು ಪುಟ ಓದಿ, ಪುಸ್ತಕ ಮುಚ್ಚಿ ನಾಲ್ಕು ಸಾಲು ಬರೆದು ಮಲಗಿರಿ. ಎದ್ದ ಮೇಲೆ ಹಾಳೆ ನೋಡದೆ ಮತ್ತೊಮ್ಮೆ ಬರೆಯಿರಿ. ಆಮೇಲೆ ಎರಡನ್ನೂ ಪುಸ್ತಕದೊಡನೆ ಹೋಲಿಸಿ, ಬಿಟ್ಟುಹೋದದ್ದಕ್ಕೆ ಮಾತ್ರ ಗೆರೆ ಹಾಕಿಕೊಳ್ಳಿರಿ.