ಪೈಥಾನ್ ಪಾಠದಲ್ಲಿ ಸ್ಟ್ರಿಂಗ್: ಆರಂಭದ ತಪ್ಪುಗಳು ಮತ್ತು ತಿದ್ದುವ ಕ್ರಮ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮಕ್ಕಳು ಓದುವ ಶಾಲೆಯೊಂದರಲ್ಲಿ ದಾಖಲಾತಿ ಪಟ್ಟಿಯೂ ವಿದ್ಯಾರ್ಥಿವೇತನದ ಪಟ್ಟಿಯೂ ಪರಸ್ಪರ ತಾಳೆಯಾಗಬೇಕು. ತಾಳೆಯಾಗದಿದ್ದಲ್ಲಿ ಅರ್ಹವಾದ ಮಗುವೊಂದರ ಹೆಸರು ಬಿಟ್ಟುಹೋದೀತು. ಇಂತಹ ಪಟ್ಟಿಗಳು ಗಣಕಯಂತ್ರಕ್ಕೇರಿರುವ ಈ ಕಾಲದಲ್ಲಿ, ಪೈಥಾನ್ ಕಲಿಯುವ ವಿದ್ಯಾರ್ಥಿಗಳಿಗೆ ‘ಸ್ಟ್ರಿಂಗ್’ ಎನಿಸಿಕೊಳ್ಳುವ ಅಕ್ಷರಸರಣಿಯ ಪಾಠವು ಅತ್ಯಗತ್ಯವಾದುದು. ಕಣ್ಣಿಗೆ ಕಾಣುವುದೂ ಯಂತ್ರದಲ್ಲಿ ಇರುವುದೂ ಒಂದೇ ಎಂಬ ಭಾವನೆಯೇ ಇಲ್ಲಿ ಹೆಚ್ಚಿನ ತಪ್ಪುಗಳಿಗೆ ಕಾರಣ.

ಮೊದಲನೆಯದಾಗಿ, ‘ಹುಣಸೂರು’ ಎಂಬುದರ ಕೊನೆಯಲ್ಲಿ ಖಾಲಿ ಜಾಗವೊಂದು ಉಳಿದರೆ ಯಂತ್ರದ ಪಾಲಿಗೆ ಅದು ಬೇರೆಯೇ ಊರು. ‘ರೆಪ್ರ್’ ಬಳಸಿ ಮುದ್ರಿಸಿದರೆ ಆ ಜಾಗವು ಉದ್ಧರಣ ಚಿಹ್ನೆಗಳ ನಡುವೆ ಗೋಚರಿಸುತ್ತದೆ. ‘ಸ್ಟ್ರಿಪ್’ ಅದನ್ನು ತೆಗೆಯುತ್ತದೆಯಾದರೂ ಮೂಲ ಸ್ಟ್ರಿಂಗನ್ನು ಬದಲಿಸದು, ಹೊಸದೊಂದನ್ನು ಕೊಡುತ್ತದೆ. ಅದನ್ನು ಮರಳಿ ಅದೇ ಹೆಸರಿನಲ್ಲಿ ಇರಿಸಿಕೊಳ್ಳದಿದ್ದರೆ ಮಾಡಿದ ಕೆಲಸ ವ್ಯರ್ಥ.

ಎರಡನೆಯದಾಗಿ, ‘ಇನ್‌ಪುಟ್’ ಮೂಲಕ ಪಡೆದ ಅಂಕಿಯೂ ಸ್ಟ್ರಿಂಗೇ. 35ಕ್ಕೆ 40ನ್ನು ಕೂಡಿಸಿದರೆ 75 ಬಾರದೆ 3540 ಬರುತ್ತದೆ. ಕ್ರಮವಾಗಿ ಜೋಡಿಸಿದರೆ 100 ಎಂಬುದು 35ಕ್ಕಿಂತ ಮೊದಲು ನಿಲ್ಲುತ್ತದೆ. ಆದುದರಿಂದ ‘ಇಂಟ್’ ಬಳಸಿ ಸಂಖ್ಯೆಯಾಗಿ ಪರಿವರ್ತಿಸಿದ ಮೇಲೆಯೇ ಲೆಕ್ಕ ಮಾಡತಕ್ಕದ್ದು.

ಮೂರನೆಯದು ಕನ್ನಡಕ್ಕೆ ಸಂಬಂಧಿಸಿದುದು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಸ್ಟ್ರಿಂಗುಗಳೆಲ್ಲ ಯೂನಿಕೋಡ್ ಸಂಕೇತಗಳ ಸರಣಿಗಳು. ‘ಪಿರಿಯಾಪಟ್ಟಣ’ದಲ್ಲಿ ಓದುಗನಿಗೆ ಕಾಣುವ ಅಕ್ಷರಗಳು 6, ‘ಲೆನ್’ ಎಣಿಸುವುದು 11. ಸ್ವರಚಿಹ್ನೆಗೂ ಹಲಂತಕ್ಕೂ ಪ್ರತ್ಯೇಕ ಸಂಕೇತಗಳಿರುವುದೇ ಇದಕ್ಕೆ ಕಾರಣ. ಮೊದಲ 9ನ್ನು ಮಾತ್ರ ತೆಗೆದುಕೊಂಡರೆ ‘ಪಿರಿಯಾಪಟ್’ ಎಂದು ಒತ್ತಕ್ಷರ ಮುರಿಯುತ್ತದೆ. ಹೀಗಾಗಿ ಕನ್ನಡ ಪಠ್ಯವನ್ನು ಎಣಿಕೆಯಿಂದ ಕತ್ತರಿಸದೆ, ಅಲ್ಪವಿರಾಮ ಅಥವಾ ಖಾಲಿ ಜಾಗದ ಬಳಿ ‘ಸ್ಪ್ಲಿಟ್’ನಿಂದ ಬಿಡಿಸುವುದು ಲೇಸು.

ನಾಲ್ಕನೆಯದು ಇನ್ನೂ ಸೂಕ್ಷ್ಮವಾದುದು. ‘ಕೋಟೆ’ಯಲ್ಲಿನ ಓಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳಾಗಿಯೂ ಬರೆಯಬಹುದು. ನೋಟಕ್ಕೆ ಎರಡೂ ಒಂದೇ ಆದರೂ ಯಂತ್ರವು ಸಮವಲ್ಲವೆನ್ನುತ್ತದೆ. ಹೋಲಿಸುವ ಮುನ್ನ ‘ಯೂನಿಕೋಡ್‌ಡೇಟಾ’ದಲ್ಲಿರುವ ‘ನಾರ್ಮಲೈಸ್’ನಿಂದ ಎರಡನ್ನೂ ಏಕರೂಪಕ್ಕೆ ತರಬೇಕು.

ಆದರೆ ‘ಕೆ.ಆರ್. ನಗರ’ವೂ ‘ಕೃಷ್ಣರಾಜನಗರ’ವೂ ಒಂದೇ ಎಂಬುದನ್ನು ಈ ಯಾವ ಕ್ರಿಯೆಯೂ ಅರಿಯದು. ಅದನ್ನು ಊರು ಬಲ್ಲವರೇ ‘ಡಿಕ್ಷನರಿ’ಯೊಂದರಲ್ಲಿ ಬರೆದುಕೊಡಬೇಕು. ತಾಳೆಯಾಗದ ಹೆಸರುಗಳನ್ನು ಕಾರ್ಯಕ್ರಮವು ತಾನಾಗಿ ಕೈಬಿಡದೆ ಪ್ರತ್ಯೇಕವಾಗಿ ಪಟ್ಟಿಮಾಡಿ ಅಧ್ಯಾಪಕರ ಮುಂದಿಡುವಂತೆ ಬರೆಯುವುದನ್ನು ವಿದ್ಯಾರ್ಥಿಗಳು ಮೊದಲಿನಿಂದಲೇ ರೂಢಿಸಿಕೊಳ್ಳುವುದು ಯುಕ್ತ. ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಒಂದು ಮಗುವಿದೆ.