ಅಂಗಳದ ಮೇಜು ಅಲುಗದಿರಬೇಕಾದರೆ

ಬೆಂಚು ಕೂಡಿಸಿಕೊಂಡೇ ನಿಲ್ಲುವ ಮರದ ಮೇಜು ಅಮೆರಿಕದ ಉದ್ಯಾನಗಳಲ್ಲಿ ಬೆಳೆದ ವಿನ್ಯಾಸ. ಈಗ ತೀರ್ಥಹಳ್ಳಿ, ಸಾಗರ, ಮೂಡಿಗೆರೆ ಕಡೆಯ ಹೋಂಸ್ಟೇ ಅಂಗಳಗಳಲ್ಲೂ ಕಾಣುತ್ತದೆ. ಬಡಗಿಯಾಗಿ ಇಂಥವನ್ನು ಮಾಡುತ್ತ, ರಿಪೇರಿಯನ್ನೂ ಮಾಡುತ್ತ ಬಂದಿದ್ದೇನೆ. ಹಲಗೆ ಮುರಿದ ಮೇಜು ರಿಪೇರಿಗೆ ಬರುವುದು ಅಪರೂಪ. ಬರುವುದೆಲ್ಲ ಸೇರುವೆ ಸಡಿಲವಾದವು, ಪಾದ ಕೊಳೆತವು.

1. ಮರದ ಹೆಸರು ಕೇಳಿ ಕೊಳ್ಳಬೇಡಿ, ಚೇಗು ನೋಡಿ ಕೊಳ್ಳಿ. ತೇಗವೇ ಆದರೂ ತೊಗಟೆಗೆ ಹತ್ತಿದ ಬಿಳಿಭಾಗವನ್ನು ಗೆದ್ದಲು ಬಿಡುವುದಿಲ್ಲ. ಹಲಸಿನ ಹಳದಿ ಚೇಗು ನನ್ನ ಮೊದಲ ಆಯ್ಕೆ. ತೋಟದಲ್ಲಿ ಸುಲಭವಾಗಿ ಸಿಗುತ್ತದೆಂದು ಸಿಲ್ವರ್ ಓಕ್ ತರುವವರಿದ್ದಾರೆ. ಮನೆಯೊಳಗೆ ಸರಿ, ಮಳೆಗೆ ಅದು ತಡೆಯುವುದಿಲ್ಲ. ಅಕೇಶಿಯಾ ಗಟ್ಟಿ, ಆದರೆ ಹಸಿಯಲ್ಲಿ ಜೋಡಿಸಿದರೆ ತಿರುಚಿ ಸೀಳುತ್ತದೆ. ಯಾವ ಮರವಾದರೂ ನಡುವೆ ಪಟ್ಟಿ ಕೊಟ್ಟು ಅಟ್ಟಿ ಹಾಕಿ, ನೆರಳಲ್ಲಿ ಒಣಗಿಸಿ.

2. ಅಳತೆ ಕೂರುವವರ ಮೈಗೆ ಒಗ್ಗಬೇಕು. ಮೇಜು 30 ಇಂಚು ಎತ್ತರ, ಬೆಂಚು 18. ಉದ್ದ 6 ಅಡಿ, ಹಲಗೆಯ ದಪ್ಪ ಒಂದೂವರೆ ಇಂಚು. ಅಗಲ ಸಾಮಾನ್ಯವಾಗಿ 30 ಇಂಚು ಇಡುತ್ತಾರೆ. ಎದುರುಬದುರು ಬಾಳೆಲೆ ಹಾಸಿ ನಡುವೆ ನೀರಿನ ಜಗ್ಗು ಇಡಲು ಅದು ಇಕ್ಕಟ್ಟು. ಎಲೆಯೂಟ ಬಡಿಸುವ ಮನೆಗೆ ನಾನು 34 ಇಂಚು ಇಡುತ್ತೇನೆ.

3. ಒಂದೇ ಬದಿಯಲ್ಲಿ ನಾಲ್ವರು ಕೂತಾಗಲೂ ಮೇಜು ಮಗುಚಬಾರದು. ಎದುರು ಬೆಂಚಿನವರು ಒಟ್ಟಿಗೇ ಎದ್ದುಹೋದ ಗಳಿಗೆಯೇ ಅಪಾಯದ್ದು. ಕತ್ತರಿಕಾಲಿನ ಪಾದ ಬೆಂಚಿನ ನಡುಗೆರೆಯ ನೇರಕ್ಕಾದರೂ ಚಾಚಿರಬೇಕು. ನೋಡಲು ಚೆಂದವೆಂದು ಕಾಲುಗಳನ್ನು ಒಳಕ್ಕೆ ಸರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಆ ಬೆಂಚಿನ ಮೇಲೆ ಮಕ್ಕಳೂ ಕೂರುತ್ತಾರೆ.

4. ಓರೆಪಟ್ಟಿ ಇಲ್ಲದ ಮೇಜು ಮೇಜೇ ಅಲ್ಲ. ಅಡ್ಡಕ್ಕೆ ದೂಡಿ ನೋಡಿ: ಕತ್ತರಿಕಾಲು, ಬೆಂಚು ಹೊರುವ ಅಡ್ಡಪಟ್ಟಿ ಸೇರಿ ತ್ರಿಕೋನವಾಗಿರುವುದರಿಂದ ಅಲುಗದು. ಉದ್ದಕ್ಕೆ ದೂಡಿದರೆ ಕಥೆ ಬೇರೆ. ಅಲ್ಲಿರುವುದು ಎರಡು ಜೊತೆ ಕಾಲು, ಮೇಲೊಂದು ಹಲಗೆ, ಅಂದರೆ ಆಯತ. ಮೂಲೆ ಸ್ವಲ್ಪ ಸಡಿಲಿದರೂ ಆಯತ ವಾಲುತ್ತದೆ. ತ್ರಿಕೋನ ವಾಲಬೇಕಾದರೆ ಅದರ ಒಂದು ಬದಿ ಉದ್ದವಾಗಬೇಕು, ಇಲ್ಲವೇ ಗಿಡ್ಡವಾಗಬೇಕು. ಮರ ಹಾಗಾಗಲು ಬಿಡುವುದಿಲ್ಲ. ಆದ್ದರಿಂದ ಮೇಜಿನಡಿ ನಟ್ಟನಡುವೆ ಒಂದು ಪಟ್ಟಿ ಬಿಗಿದು, ಅಲ್ಲಿಂದ ಎರಡೂ ಕಡೆಯ ಅಡ್ಡಪಟ್ಟಿಗೆ ಓರೆಪಟ್ಟಿ ಇಳಿಸಬೇಕು. ತುದಿಯನ್ನು ಕೋನಕ್ಕೆ ಸರಿಯಾಗಿ ಕೊಯ್ದು, ಮರಕ್ಕೆ ಮರ ಪೂರ್ತಿ ಕೂತ ಮೇಲಷ್ಟೇ ಬೋಲ್ಟ್ ಹಾಕಿ. ಮೇಜಿನ ಆಯಸ್ಸು ನಿಂತಿರುವುದು ಈ ಎರಡು ತುಂಡುಗಳ ಮೇಲೆ. ಉಳಿದ ತುಂಡು ಮರದಲ್ಲೇ ಮುಗಿಸಬಹುದಾದ ಈ ಕೆಲಸವನ್ನು ಬಿಟ್ಟ ಮೇಜುಗಳನ್ನು ನೋಡಿದಾಗ ಸಂಕಟವಾಗುತ್ತದೆ.

5. ಕಾಲಿನ ಸೇರುವೆಗೆ ಮೊಳೆ ಬೇಡ. ಮರ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗುವಾಗ ಮೊಳೆ ತಾನಾಗಿ ಮೇಲೇಳುತ್ತದೆ. 10 ಮಿಲಿಮೀಟರಿನ ಗ್ಯಾಲ್ವನೈಸ್ ಬೋಲ್ಟ್, ಎರಡೂ ಕಡೆ ಅಗಲ ವಾಷರ್. ಒಂದೇ ಬೋಲ್ಟ್ ಹಾಕಿದರೆ ಸೇರುವೆ ಅದರ ಸುತ್ತ ತಿರುಗುತ್ತದೆ. ಎರಡು ಹಾಕಿ, ಒಂದೇ ಎಳೆಯ ನೇರಕ್ಕಲ್ಲ, ಮೂಲೆಯಿಂದ ಮೂಲೆಗೆ. ಹಾಗಾದರೆ ಮರ ಸೀಳುವುದಿಲ್ಲ. ಬರೀ ಕಬ್ಬಿಣ ಒಗರು ಹೆಚ್ಚಿರುವ ಮರಕ್ಕೆ ತಾಗಿ ನೆಂದರೆ ಸುತ್ತಲೂ ಕಪ್ಪು ಹಬ್ಬುತ್ತದೆ.

6. ನೀರು ನಿಲ್ಲಲು ಎಲ್ಲೂ ಜಾಗ ಕೊಡಬೇಡಿ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹಲಗೆ ಹಲಗೆಯ ನಡುವೆ ಕಾಲಿಂಚು ಸಂದು ಬಿಡಿ. ಸಾರು ಸೋರುತ್ತದೆಂದು ಮನೆಯವರು ಆಕ್ಷೇಪಿಸಿದರೂ ಮುಚ್ಚಬೇಡಿ. ಮರ ಹೆಚ್ಚು ನೀರು ಹೀರುವುದು ಕೊಯ್ದ ತುದಿಯಿಂದ, ಅಂದರೆ ಪಾದದಿಂದ. ಕರಾವಳಿಯವರು ಜಂತಿಗೂ ದೋಣಿಗೂ ಬಳಿಯುವ ಗೇರೆಣ್ಣೆಯನ್ನು ಪಾದಕ್ಕೆ ಕುಡಿಯುವಷ್ಟು ಕುಡಿಸಿ, ಕಲ್ಲಿನ ಚಪ್ಪಡಿಯ ಮೇಲೆ ನಿಲ್ಲಿಸಿ. ಗೇರೆಣ್ಣೆ ಚರ್ಮ ಸುಡುತ್ತದೆ: ಕೈಗವಸು ಬೇಕು, ಮೇಜಿನ ಮೇಲ್ಮೈಗೂ ಬೆಂಚಿಗೂ ಅದು ಸಲ್ಲ.

7. ಅಜ್ಜಿ ಹೇಗೆ ಕೂರುತ್ತಾರೆಂದು ಮೊದಲೇ ಕೇಳಿ. ಈ ವಿನ್ಯಾಸದಲ್ಲಿ ಬೆಂಚು ದಾಟಿ ಕಾಲು ಒಳಗಿಡಬೇಕು. ಸೀರೆ ಉಟ್ಟವರಿಗೆ, ಮಂಡಿನೋವಿನವರಿಗೆ ಅದು ಕಷ್ಟ. ಎಷ್ಟೋ ಮನೆಗಳಲ್ಲಿ ಅವರು ದೂರ ಕುರ್ಚಿಯಲ್ಲೇ ಉಳಿದುಬಿಡುತ್ತಾರೆ. ಅದಕ್ಕಾಗಿ ಮೇಲ್ಹಲಗೆಯನ್ನು ಒಂದು ತುದಿಯಲ್ಲಿ ಕಾಲಿನಿಂದಾಚೆ ಒಂದೂವರೆ ಅಡಿ ಚಾಚಿಸುತ್ತೇನೆ. ಬೆಂಚನ್ನು ಅಲ್ಲಿಯವರೆಗೆ ಒಯ್ಯುವುದಿಲ್ಲ. ಆ ತುದಿಗೆ ಕುರ್ಚಿ ಎಳೆದುಕೊಂಡರೆ ಅವರೂ ಪಂಕ್ತಿಯಲ್ಲೇ ಇರುತ್ತಾರೆ.

8. ದಪ್ಪ ವಾರ್ನಿಷ್ ಬಿರುಕುಬಿಟ್ಟು ಅಡಿಯಲ್ಲಿ ನೀರು ಹಿಡಿಯುತ್ತದೆ. ಮೇಲ್ಮೈಗೆ ಬೇಯಿಸಿದ ಅಗಸೆ ಎಣ್ಣೆಯೇ ಮೇಲು. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು. ಬಯಲಲ್ಲಿ ಹರವಿ ಒಣಗಿಸಿ. ಮೊದಲ ಬೇಸಿಗೆ ಕಳೆಯುತ್ತಿದ್ದಂತೆ, ಮಳೆ ಹಿಡಿಯುವ ಮೊದಲು, ಪಾನಾ ಹಿಡಿದು ಮೇಜಿನಡಿ ಮಲಗಿ ಎಲ್ಲ ನಟ್ಟುಗಳನ್ನೂ ಒಮ್ಮೆ ಬಿಗಿಯಿರಿ.