ಮೊಣಕಾಲಿನ ಕಟ್ಟು

ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಕಬಡ್ಡಿಯ ಆಟವು ಕಳೆಗಟ್ಟುತ್ತದೆ. ದೇವದುರ್ಗದ ಕಡೆಯ ಯಾವುದಾದರೊಂದು ಊರಿನ ಬಯಲನ್ನು ಮನಸ್ಸಿಗೆ ತಂದುಕೊಳ್ಳಿರಿ. ದಾಳಿಗೆ ಹೋದ ಹುಡುಗನೊಬ್ಬನು ನಡುಗೆರೆಯತ್ತ ಹಿಂದಿರುಗಲೆಂದು ಸರಕ್ಕನೆ ತಿರುಗುತ್ತಾನೆ. ಮೈ ತಿರುಗುತ್ತದೆ, ಎರೆನೆಲದ ಬಿರುಕಿನಲ್ಲಿ ಸಿಕ್ಕಿದ ಪಾದ ಮಾತ್ರ ತಿರುಗುವುದಿಲ್ಲ. ಮೊಣಕಾಲಿನೊಳಗೆ ‘ಟಕ್’ ಎಂದು ಸದ್ದಾಗುತ್ತದೆ. ಹುಡುಗನು ಕುಸಿದು ಬೀಳುತ್ತಾನೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಮಂಡಿಚಿಪ್ಪಿನ ಗುರುತೇ ಸಿಗದಂತೆ ಕಾಲು ಊದಿಕೊಳ್ಳುತ್ತದೆ. ಹತ್ತಾರು ದಿನ ನರಳಿದ ಮೇಲೆ ಬಾವು ಇಳಿಯುತ್ತದೆ, ನೋವು ತಗ್ಗುತ್ತದೆ. ಮೂರು ನಾಲ್ಕು ವಾರಗಳಲ್ಲಿ ಅವನು ನೆಟ್ಟಗೆ ನಡೆಯತೊಡಗುತ್ತಾನೆ. ಗುಣವಾಯಿತೆಂದು ಮನೆಯವರೆಲ್ಲ ಸಂತೋಷಪಡುತ್ತಾರೆ. ನಿಜವಾದ ಅಪಾಯವು ಆರಂಭವಾಗುವುದು ಆಗಲೇ.

ಇದು ಹೇಗೆಂಬುದನ್ನು ತಿಳಿಯಬೇಕಾದರೆ ಮೊಣಕಾಲಿನ ರಚನೆಯನ್ನು ನೋಡಬೇಕು. ಸೊಂಟದ ಕೀಲಿನಲ್ಲಿ ತೊಡೆಯೆಲುಬಿನ ಗುಂಡು ಬಟ್ಟಲಿನಂಥ ಗುಳಿಯೊಳಗೆ ಕುಳಿತಿರುತ್ತದೆ. ಮೊಣಕಾಲಿಗೆ ಆ ಭಾಗ್ಯವಿಲ್ಲ. ಇಲ್ಲಿ ತೊಡೆಯೆಲುಬಿನ ದುಂಡಾದ ತುದಿಯು ಕೆಳಗಿನ ಎಲುಬಿನ ಬಹುಮಟ್ಟಿಗೆ ಚಪ್ಪಟೆಯಾದ ತಲೆಯ ಮೇಲೆ, ಹಲಗೆಯ ಮೇಲೆ ಗುಂಡುಗಳನ್ನಿಟ್ಟಂತೆ, ನಿಂತಿದೆ. ಆದುದರಿಂದ ಇದರ ಭದ್ರತೆಯೆಲ್ಲ ಕಟ್ಟುಗಳನ್ನು ಅವಲಂಬಿಸಿದೆ. ನೊಗವನ್ನು ಈಸಿಗೆ ಮಿಣಿಯಿಂದ ಬಿಗಿದಂತೆ ಎಲುಬನ್ನು ಎಲುಬಿಗೆ ಬಿಗಿದಿರುವ ಈ ನಾರುಗಳಿಗೆ ಅಸ್ಥಿರಜ್ಜುಗಳೆಂದು ಹೆಸರು. ಅವುಗಳಲ್ಲಿ ಮುಖ್ಯವಾದವು ನಾಲ್ಕು. ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು, ಉಳಿದೆರಡು ಕೀಲಿನ ನಟ್ಟನಡುವೆ ಒಂದನ್ನೊಂದು ಅಡ್ಡಹಾಯ್ದಿವೆ. ಇವೆರಡರಲ್ಲಿ ಮುಂದಿನ ಅಡ್ಡರಜ್ಜುವಿನ ಉದ್ದ ಕೇವಲ 3 ಸೆಂಟಿಮೀಟರಿನಷ್ಟು, ದಪ್ಪ ಕಿರುಬೆರಳಿನಷ್ಟು. ಆದರೂ ತರುಣರಲ್ಲಿ ಅದು ಸುಮಾರು 200 ಕಿಲೋಗ್ರಾಂ ಭಾರದ ಸೆಳೆತವನ್ನು ತಾಳಬಲ್ಲದು. ಕೆಳಗಿನ ಎಲುಬು ಮುಂದಕ್ಕೆ ಜಾರದಂತೆಯೂ ಅತಿಯಾಗಿ ತಿರುಚಿಕೊಳ್ಳದಂತೆಯೂ ತಡೆಯುವುದು ಅದರ ಕೆಲಸ. ನಮ್ಮ ಹುಡುಗನಲ್ಲಿ ಹರಿದದ್ದು ಇದೇ.

ಯಾರ ಪೆಟ್ಟೂ ತಾಗದೆ ಇದು ಹರಿಯುವುದುಂಟು. ಓಡುತ್ತಿದ್ದವರು ಥಟ್ಟನೆ ನಿಂತಾಗ, ದಿಕ್ಕು ಬದಲಿಸಿದಾಗ, ನೆಗೆದು ಮೊಣಕಾಲನ್ನು ಮಡಿಸದೆ ಇಳಿದಾಗ ಹೀಗಾಗುತ್ತದೆ. ಖೋ ಖೋ ಆಟದಲ್ಲಿ ಕಂಬವನ್ನು ಸುತ್ತುವಾಗಲೂ ಇಂಥದೇ ತಿರುವು ಇರುತ್ತದೆ. ಮಾನ್ವಿಯ ಕಾಲುವೆ ಬಯಲಿನಲ್ಲಿ ಆಟವೂ ಬೇಕಿಲ್ಲ. ನಾಟಿಯ ಕೆಸರಿನಲ್ಲಿ ಹೂತ ಕಾಲನ್ನು ಕೀಳದೆ ಮೈ ಹೊರಳಿಸಿದರೂ ಸಾಕು. ಒಂದೇ ಆಟವನ್ನಾಡುವ ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯ ಎರಡು ಮೂರು ಪಟ್ಟು ಹೆಚ್ಚಾಗಿ ಕಂಡುಬಂದಿದೆ. ಆದುದರಿಂದ ಶಾಲೆಯ ತಂಡಗಳಲ್ಲಿ ಮೊಣಕಾಲು ಮಡಿಸಿ ಇಳಿಯುವ ಅಭ್ಯಾಸವನ್ನು ಹುಡುಗಿಯರಿಗೆ ವಿಶೇಷವಾಗಿ ಕಲಿಸಬೇಕು.

ಬಿದ್ದ ಕೂಡಲೇ ನಮ್ಮ ಹಳ್ಳಿಗಳಲ್ಲಿ ನಡೆಯುವುದೇನು? ನಾಲ್ವರು ಸೇರಿ ಕಾಲನ್ನು ಹಿಡಿದೆಳೆಯುತ್ತಾರೆ. ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಮುರಿದ ಎಲುಬನ್ನು ಕೂರಿಸುವ ಕೈಚಳಕವುಳ್ಳ ಹಿರಿಯರು ನಮ್ಮಲ್ಲಿದ್ದರೆಂಬುದನ್ನು ಅಲ್ಲಗಳೆಯಲಾಗದು. ಆದರೆ ಇಲ್ಲಿ ಮುರಿದಿರುವುದು ಎಲುಬಲ್ಲ, ಕೂರಿಸಲು ಏನೂ ಇಲ್ಲ. ಒಂದೆರಡು ಗಂಟೆಗಳಲ್ಲೇ ಬಂದ ಬಾವು ಸಾಮಾನ್ಯವಾಗಿ ಕೀಲಿನೊಳಗೆ ತುಂಬಿದ ರಕ್ತವಾಗಿರುತ್ತದೆ. ತಿಕ್ಕಿದಷ್ಟೂ ಅದು ಹೆಚ್ಚುತ್ತದೆ. ಕಾಲನ್ನು ಅಲುಗಿಸದೆ ಎತ್ತರದಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಹದಿನೈದಿಪ್ಪತ್ತು ನಿಮಿಷ ಇಡುವುದೇ ಲೇಸು. ಪಾದವು ತಣ್ಣಗಾದರೆ ಅಥವಾ ಜೋಮು ಹಿಡಿದರೆ ಒಂದು ಗಳಿಗೆಯೂ ತಡಮಾಡಬಾರದು, ರಕ್ತನಾಳಕ್ಕೇ ಪೆಟ್ಟಾಗಿರಬಹುದು. ಮಾನ್ವಿ, ದೇವದುರ್ಗಗಳಿಂದ ರಾಯಚೂರು ನಗರಕ್ಕೆ ಸುಮಾರು 50 ಕಿಲೋಮೀಟರು. ಅಲ್ಲಿ 2007ರಲ್ಲಿ ಸ್ಥಾಪಿತವಾದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿದೆ. ವೈದ್ಯರು ಮೊಣಕಾಲನ್ನು ತುಸು ಮಡಿಸಿ ಕೆಳಗಿನ ಎಲುಬನ್ನು ಮುಂದಕ್ಕೆಳೆದು ನೋಡುವ ಕೈಪರೀಕ್ಷೆಯಿಂದಲೇ ಬಹಳಷ್ಟನ್ನು ತಿಳಿದುಕೊಳ್ಳುತ್ತಾರೆ. ಎಕ್ಸ್-ರೇಯಲ್ಲಿ ಎಲುಬು ಕಾಣುತ್ತದೆಯೇ ಹೊರತು ರಜ್ಜು ಕಾಣುವುದಿಲ್ಲ. ‘ಎಕ್ಸ್-ರೇ ಸರಿಯಾಗಿದೆ’ ಎಂಬ ಮಾತಿಗೆ ಸಮಾಧಾನಪಟ್ಟು ಮನೆಗೆ ಮರಳಿದವರು ಎಷ್ಟೋ ಮಂದಿ.

ಮಗ್ಗುಲಿನ ರಜ್ಜುಗಳು, ಅದರಲ್ಲೂ ಒಳಮಗ್ಗುಲಿನದು, ಪಟ್ಟಿ ಕಟ್ಟಿ ವಿಶ್ರಾಂತಿ ಕೊಟ್ಟರೆ ಬಹುಮಟ್ಟಿಗೆ ತಾವೇ ಕೂಡಿಕೊಳ್ಳುತ್ತವೆ. ಮುಂದಿನ ಅಡ್ಡರಜ್ಜುವಿನ ಸ್ಥಿತಿ ಬೇರೆ. ಹರಿದ ಎರಡು ತುದಿಗಳ ನಡುವೆ ರಕ್ತವು ಹೆಪ್ಪುಗಟ್ಟಿ ಸೇತುವೆಯಾಗಬೇಕು. ಕೀಲಿನೊಳಗಿನ ದ್ರವವು ಆ ಹೆಪ್ಪನ್ನು ನಿಲ್ಲಗೊಡುವುದಿಲ್ಲ. ಕೆಲವರಲ್ಲಿ ಅದು ಕೂಡಿಕೊಂಡ ನಿದರ್ಶನಗಳಿದ್ದರೂ ಅದನ್ನೇ ನಂಬಿ ಕೂರುವಂತಿಲ್ಲ. ನೋವು ಹೋದದ್ದು ಬಾವು ಇಳಿದುದರಿಂದ. ಕಟ್ಟು ಕೂಡಿದ್ದರಿಂದ ಅಲ್ಲ. ಅಂಥ ಕಾಲಿನಲ್ಲಿ ನೇರವಾಗಿ ನಡೆಯಬಹುದು. ಮತ್ತೆ ಅಂಕಣಕ್ಕಿಳಿದು ತಿರುಗಿದೊಡನೆ ಮೊಣಕಾಲು ಕಳಚಿದಂತಾಗುತ್ತದೆ. ಹೀಗೆ ಒಂದೊಂದು ಸಲ ಕಳಚಿದಾಗಲೂ ಎಲುಬುಗಳ ನಡುವೆ ಮೆತ್ತೆಯಂತಿರುವ ಅರ್ಧಚಂದ್ರಾಕಾರದ ಮೃದ್ವಸ್ಥಿಯು ಅರೆಯಲ್ಪಟ್ಟು ಹರಿಯುವ ಸಂಭವವಿದೆ. ಆ ಮೆತ್ತೆ ಹೋದ ಕೀಲು ನಡುವಯಸ್ಸಿಗೇ ಸವೆಯುತ್ತದೆ.

ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕೆ? ಸ್ವೀಡನ್ ದೇಶದಲ್ಲಿ 121 ಮಂದಿ ತರುಣ ಗಾಯಾಳುಗಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಅಗತ್ಯಬಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಎರಡು ವರ್ಷಗಳ ತರುವಾಯ ಎರಡೂ ಗುಂಪುಗಳ ಸ್ಥಿತಿ ಹೆಚ್ಚುಕಡಮೆ ಒಂದೇ ಆಗಿತ್ತು. ಎರಡನೆಯ ಗುಂಪಿನವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಐದು ವರ್ಷಗಳಾದರೂ ಶಸ್ತ್ರಚಿಕಿತ್ಸೆಯಿಲ್ಲದೆಯೇ ಇದ್ದರು. ಆದರೆ ಮೊಣಕಾಲು ಪದೇ ಪದೇ ಕಳಚುತ್ತಿದ್ದರೆ, ತಿರುವಿನ ಆಟವನ್ನೇ ಆಡಬೇಕೆಂದಿದ್ದರೆ, ಹೊಸ ರಜ್ಜುವನ್ನು ಹೂಡುವುದು ವಾಡಿಕೆ. ಬ್ರಿಸ್ಟಲ್ ನಗರದ ಹೇ ಗ್ರೋವ್ಸ್ ಎಂಬ ವೈದ್ಯನು 1917ರಷ್ಟು ಹಿಂದೆಯೇ ತೊಡೆಯ ಹೊದಿಕೆಯ ಪಟ್ಟಿಯೊಂದನ್ನು ಹೀಗೆ ಬಳಸಿದ್ದನು. ಇಂದು ರೋಗಿಯ ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಭಾಗವನ್ನು ತೆಗೆದು, ದೂರದರ್ಶಕದಂಥ ಸಣ್ಣ ನಳಿಗೆಯ ನೆರವಿನಿಂದ, ಕೀಲನ್ನು ಅಗಲವಾಗಿ ತೆರೆಯದೆಯೇ ಹೂಡುತ್ತಾರೆ.

ಇಲ್ಲಿ ಎರಡನೆಯ ಬಾರಿ ಮೋಸಹೋಗುವ ಸಂದರ್ಭ ಬರುತ್ತದೆ. ಹೂಡಿದ ನಾರು ಒಡನೆಯೇ ರಜ್ಜುವಾಗುವುದಿಲ್ಲ. ನಾಟಿ ಮಾಡಿದ ಪೈರು ಮೊದಲು ಬಾಡಿ ಆಮೇಲೆ ಬೇರೂರುವಂತೆ, ಅದು ಮೊದಲ ಕೆಲವು ತಿಂಗಳು ಸತ್ವಗುಂದಿ, ಬಳಿಕ ರಕ್ತನಾಳಗಳನ್ನು ಪಡೆದು ನಿಧಾನವಾಗಿ ಗಟ್ಟಿಯಾಗುತ್ತದೆ. ಗಾಯ ಮಾಯ್ದು ಕಾಲು ಹಗುರವೆನಿಸುವ ಕಾಲಕ್ಕೇ ಒಳಗಿನ ನಾರು ಅತ್ಯಂತ ದುರ್ಬಲವಾಗಿರುತ್ತದೆ! ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತ ಹೋಯಿತು.

ಈ ಒಂಬತ್ತು ತಿಂಗಳು ಸುಮ್ಮನೆ ಮಲಗುವ ಕಾಲವಲ್ಲ. ಮೊದಲನೆಯ ಗುರಿ ಕಾಲನ್ನು ಪೂರ್ತಿ ನೀಡುವುದು. ಮೊಣಕಾಲಿನ ಕೆಳಗೆ ದಿಂಬಿಟ್ಟುಕೊಂಡರೆ ಹಿತವೆನಿಸುತ್ತದೆ, ಆದರೆ ಕಾಲು ಬಾಗಿದಂತೆಯೇ ಬಿಗಿದುಕೊಳ್ಳುತ್ತದೆ. ಟವೆಲನ್ನು ಸುತ್ತಿ ಹಿಮ್ಮಡಿಯ ಕೆಳಗಿಡುವುದೇ ಸರಿ. ತೊಡೆಯ ಮುಂಭಾಗದ ಸ್ನಾಯು ಕೆಲವೇ ದಿನಗಳಲ್ಲಿ ಸೊರಗುವುದರಿಂದ ಅದನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸವನ್ನು ಹಾಸಿಗೆಯಲ್ಲೇ ಆರಂಭಿಸಬೇಕು. ಆನಂತರ ಮಡಿಸುವುದು, ಊರುಗೋಲು ಬಿಡುವುದು, ಮೆಟ್ಟಿಲು ಹತ್ತುವುದು, ಒಂಟಿಕಾಲಿನಲ್ಲಿ ನಿಲ್ಲುವುದು. ಓಟ, ನೆಗೆತಗಳು ತಿಂಗಳುಗಳ ಮೇಲೆ. ಗಾಯಗೊಂಡ ಕಾಲಿನ ಬಲವು ಇನ್ನೊಂದರ ಬಲಕ್ಕೆ ಬಹುಮಟ್ಟಿಗೆ ಸಮನಾಗುವ ತನಕ ಅಂಕಣಕ್ಕಿಳಿಯಬಾರದು.

ಕುಸ್ತಿಪಟು ವಿನೇಶ್ ಫೋಗಾಟ್ 2016ರ ಆಗಸ್ಟ್ 17ರಂದು ರಿಯೊ ಒಲಿಂಪಿಕ್ಸ್‌ನಲ್ಲಿ ಬಲ ಮೊಣಕಾಲಿಗೆ ಗಾಯವಾಗಿ ಅಂಕಣದಿಂದ ಹೊತ್ತೊಯ್ಯಲ್ಪಟ್ಟರು. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಅವರೇ ಚಿನ್ನ ಗೆದ್ದರು. 2023ರ ಆಗಸ್ಟ್‌ನಲ್ಲಿ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಸುಮಾರು ಒಂದು ವರ್ಷದ ತರುವಾಯ ಪ್ಯಾರಿಸ್ಸಿನಲ್ಲಿ ಜಪಾನಿನ ಸುಸಾಕಿಯವರನ್ನು ಸೋಲಿಸಿದರು. ಅವರ ಬೆನ್ನಿಗೆ ತರಬೇತುದಾರರಿದ್ದರು, ವ್ಯಾಯಾಮ ಚಿಕಿತ್ಸಕರಿದ್ದರು. ದುಡಿಮೆಗಾಗಿ ಗುಳೆ ಹೋಗುವ ದೇವದುರ್ಗದ ಮನೆಯೊಂದರಲ್ಲಿ ಒಂಬತ್ತು ತಿಂಗಳು ಒಬ್ಬನ ದುಡಿಮೆ ನಿಲ್ಲುವುದೆಂದರೆ ಸಣ್ಣ ಮಾತಲ್ಲ. ಅಂಥವನಿಗೆ ‘ವಿಶ್ರಾಂತಿ ತೆಗೆದುಕೊ’ ಎಂದಷ್ಟೇ ಹೇಳಿ ಕಳುಹಿಸಿದರೆ ಸಾಲದು. ಮನೆಯಲ್ಲೇ ಮಾಡಬಹುದಾದ ಅಭ್ಯಾಸಗಳನ್ನು ತೋರಿಸಿಕೊಟ್ಟು, ಮನೆಯವರಿಗೂ ತಿಳಿಸಬೇಕು. ನಮ್ಮ ಜನರ ಗುರಿ ಆಟವೊಂದೇ ಅಲ್ಲ. ನೆಲದ ಮೇಲೆ ಕಾಲು ಮಡಿಸಿ ಉಣ್ಣಬೇಕು, ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳಬೇಕು, ಕೆಸರುಗದ್ದೆಗೆ ಇಳಿಯಬೇಕು. ಅಷ್ಟು ಆಳವಾಗಿ ಮೊಣಕಾಲು ಮಡಿಯುವುದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಆದುದರಿಂದ ಆಸ್ಪತ್ರೆಯಲ್ಲಿ ‘ಎಂದು ಆಡಬಹುದು?’ ಎಂದು ಕೇಳುವಾಗ ‘ಎಂದು ನೆಲದ ಮೇಲೆ ಕೂರಬಹುದು?’ ಎಂದೂ ಕೇಳಿ ತಿಳಿದುಕೊಂಡು ಬರಬೇಕು.